ಪಹಣಿಯ ಚೌಕಗಳು ತುಂಬುವ ಬಗೆ

ಭಾಲ್ಕಿ ತಾಲ್ಲೂಕಿನ ಭಾತಂಬ್ರಾದ ರೈತರೊಬ್ಬರು ಸರ್ವೆ ನಂಬರ್ ಹೇಳಿ ಪಹಣಿ ಕೇಳುತ್ತಾರೆ. ಪರದೆಯ ಮೇಲೆ ಚೌಕಗಳು ತುಂಬುತ್ತವೆ: ವಿಸ್ತೀರ್ಣ, ಖಾತೆದಾರರ ಹೆಸರು, ಬೆಳೆ, ಸಾಲ. ಎಲ್ಲೋ ಬರೆದಿಟ್ಟ ಪುಟವನ್ನೇ ತೆರೆದಂತೆ ಕಾಣುತ್ತದೆ. ಅಂಥ ಪುಟವೇ ಇರಬೇಕೆಂದಿಲ್ಲ. ಕೇಳಿದಾಗ ಪ್ರೋಗ್ರಾಂ ಅದನ್ನು ಕಟ್ಟಿಕೊಡುತ್ತದೆ.

ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದ ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ತಾಲ್ಲೂಕು ಕಚೇರಿಗಳನ್ನು ಮುಟ್ಟಿತು. ತಂತ್ರಾಂಶ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿಯದು. ಇಂಥ ದತ್ತಸಂಚಯಗಳ ತಳಹದಿ 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮುಂದಿಟ್ಟ ವಿಚಾರ: ಊರುಗಳಿಗೊಂದು ಕೋಷ್ಟಕ, ಜಮೀನಿಗೊಂದು, ಖಾತೆದಾರರಿಗೊಂದು, ಅವನ್ನು ಜೋಡಿಸಲು ಸಂಕೇತ ಸಂಖ್ಯೆ. ಹೆಸರನ್ನು ನಂಬಿ ಜೋಡಿಸುವಂತಿಲ್ಲ. ನಮ್ಮ ಕಡೆ ಒಬ್ಬರೇ ಒಂದು ಕಾಗದದಲ್ಲಿ ಹಣಮಂತ, ಇನ್ನೊಂದರಲ್ಲಿ ಹನುಮಂತ. ಭಾತಂಬ್ರಾ ಕೂಡ ಕೆಲವೆಡೆ ಭಾತಂಬ್ರ ಆಗುತ್ತದೆ. ಮನುಷ್ಯರಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ.

ಪ್ರೋಗ್ರಾಂ ಮೊದಲು ಎಸ್‌ಕ್ಯೂಎಲ್ ಭಾಷೆಯಲ್ಲಿ ಪ್ರಶ್ನೆ ಕಳಿಸುತ್ತದೆ: ಈ ಊರು, ಈ ಸರ್ವೆ ನಂಬರ್, ಇಷ್ಟೇ ಸಾಲು. ಇಡೀ ರಾಜ್ಯದ ದಾಖಲೆ ತರಿಸಿ ಆಮೇಲೆ ಹುಡುಕುವುದು ಕೆಟ್ಟ ಬರವಣಿಗೆ. ಬಂದ ಸಾಲುಗಳನ್ನು ಒಂದೊಂದಾಗಿ ಎತ್ತಿ ಆಯಾ ಚೌಕದಲ್ಲಿ ಕೂರಿಸಬೇಕು. ಕಷ್ಟ ಶುರುವಾಗುವುದು ಇಲ್ಲಿಯೇ. 1 ಎಕರೆ 30 ಗುಂಟೆಗೆ 20 ಗುಂಟೆ ಕೂಡಿಸಿದರೆ 2 ಎಕರೆ 10 ಗುಂಟೆ. ಎಕರೆಗೆ 40 ಗುಂಟೆ ಎಂಬುದನ್ನು ಕಲಿಸದೆ ದಶಾಂಶದಂತೆ 1.30ಕ್ಕೆ 0.20 ಕೂಡಿಸಿದರೆ ಪರದೆಯಲ್ಲಿ 1.50 ಮೂಡಿ ಹೊಲವೇ ಕರಗುತ್ತದೆ. ಸರ್ವೆ ನಂಬರಿನೊಳಗಿನ ಪಾಲನ್ನು ತೋರಿಸುವ ಹಿಸ್ಸಾ ನಂಬರನ್ನು ಅಕ್ಷರವೆಂದು ತಿಳಿದು ಜೋಡಿಸಿದರೆ 2ಕ್ಕಿಂತ ಮೊದಲು 10 ಬಂದು ಕೂರುತ್ತದೆ. ಖಾಲಿ ಚೌಕಕ್ಕೂ ಸೊನ್ನೆಗೂ ಇರುವ ವ್ಯತ್ಯಾಸ ಇನ್ನೂ ಸೂಕ್ಷ್ಮ: ಸಾಲದ ಕಲಂನಲ್ಲಿ ಸೊನ್ನೆ ಇದ್ದರೆ ಸಾಲವಿಲ್ಲ, ಖಾಲಿ ಇದ್ದರೆ ಮಾಹಿತಿಯೇ ದಾಖಲಾಗಿಲ್ಲ. ಖಾಲಿಯನ್ನೆಲ್ಲ ಸೊನ್ನೆ ಮಾಡುವ ಒಂದು ಸಾಲಿನ ಕೋಡ್ ಎಷ್ಟು ಸುಲಭವೋ ಅಷ್ಟೇ ಅಪಾಯಕಾರಿ.

ಪರದೆಯಲ್ಲಿ ಕಾಣುವುದು ನಕಲು ಮಾತ್ರ. ಒಬ್ಬ ಸಿಬ್ಬಂದಿ ಸಾಲನ್ನು ತೆರೆದಿಟ್ಟಿರುವಾಗ ಮತ್ತೊಂದು ಕಂಪ್ಯೂಟರಿನಿಂದ ಅದೇ ಜಮೀನಿನ ಖಾತೆ ಬದಲಾಗಬಹುದು. ಹಾಗಾಗಿ ಉಳಿಸುವ ಮುನ್ನ ಪ್ರೋಗ್ರಾಂ, ತಾನು ತಂದಾಗಿದ್ದ ಸಾಲು ಇನ್ನೂ ಹಾಗೆಯೇ ಇದೆಯೇ ಎಂದು ನೋಡಬೇಕು. ಮಾರಿದವರ ಸಾಲಿನಿಂದ ಕಳೆಯುವುದು, ಕೊಂಡವರ ಸಾಲಿಗೆ ಸೇರಿಸುವುದು ಒಂದೇ ವ್ಯವಹಾರವಾಗಿ ನಡೆಯಬೇಕು. ನಡುವೆ ಕರೆಂಟ್ ಹೋದರೆ ಎರಡೂ ರದ್ದಾಗಿ ಜಮೀನು ಮೊದಲಿನವರ ಹೆಸರಿನಲ್ಲೇ ಉಳಿಯಬೇಕು.