ಹಳಿ ಕಿತ್ತ ಹಾದಿಯಲ್ಲಿ ಹಿರಿಯರೊಡನೆ

ಅಮೆರಿಕೆಯಲ್ಲಿ ನೆಲೆಸಿರುವ ನಮಗೆ ಊರಿನಿಂದ ತಂದೆತಾಯಿಗಳು ಬರುವುದೆಂದರೆ ಹಬ್ಬಕ್ಕೆ ಸಮಾನ. ಮೊದಲ ತಿಂಗಳು ನಯಾಗರ, ವಾಷಿಂಗ್ಟನ್, ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರ ದೇವಾಲಯ ಎಂದು ಕಳೆದುಹೋಗುತ್ತದೆ. ಉಳಿದ ಐದು ತಿಂಗಳ ಗತಿಯೇನು? ಮಗ, ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. ಕಾರು ನಡೆಸಲು ಬಾರದ ಹಿರಿಯರು ಕಿಟಕಿಯ ಬಳಿ ಕುಳಿತು ಹಿಂದಿರುಗುವ ದಿನವನ್ನು ಎಣಿಸುತ್ತಾರೆ. ಅವರನ್ನು ಹೊರಗೆ ಕರೆದೊಯ್ಯುವುದಾದರೂ ಎಲ್ಲಿಗೆ? ನಮ್ಮ ಹಿಲ್ಸ್‌ಬರೋದಲ್ಲಿಯೇ ಸೌರ್ಲ್ಯಾಂಡ್ ಬೆಟ್ಟದ ಸುಂದರ ಕಾಡಿದೆ. ಆದರೆ ಬಂಡೆಗಳ ನಡುವಿನ ಆ ಏರುದಾರಿ ಮಂಡಿನೋವಿನವರಿಗೆ ಒಗ್ಗುವಂಥದಲ್ಲ.

ಇಂಥವರಿಗೆ ಹೇಳಿಮಾಡಿಸಿದಂತಿರುವುದು ಕೊಲಂಬಿಯಾ ಟ್ರೈಲ್. ಹಿಲ್ಸ್‌ಬರೋದಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯೊಳಗೆ ಸಿಗುವ ಹೈ ಬ್ರಿಡ್ಜ್ ಎಂಬ ಪುಟ್ಟ ಊರಿನಿಂದ ಹೊರಟು, ಕ್ಯಾಲಿಫನ್, ಲಾಂಗ್ ವ್ಯಾಲಿಗಳನ್ನು ಹಾದು ಸುಮಾರು 15 ಮೈಲಿ ಸಾಗುವ ಕಾಲುದಾರಿ ಇದು. ಒಂದು ಕಾಲಕ್ಕೆ ಇದು ಸೆಂಟ್ರಲ್ ರೈಲ್‌ರೋಡ್ ಆಫ್ ನ್ಯೂ ಜೆರ್ಸಿ ಕಂಪನಿಯ ಶಾಖಾಮಾರ್ಗವಾಗಿತ್ತು. ಮಾರಿಸ್ ಕೌಂಟಿಯ ಗಣಿಗಳ ಕಬ್ಬಿಣದ ಅದಿರನ್ನು ಹೊತ್ತು ತರಲೆಂದು 19ನೆಯ ಶತಮಾನದಲ್ಲಿ ಇದನ್ನು ಹಾಕಿದರು. ಸುಪೀರಿಯರ್ ಸರೋವರದ ಕಡೆಯ ಅಗ್ಗದ ಅದಿರು ಬಂದ ಮೇಲೆ ಇಲ್ಲಿಯ ಗಣಿಗಳು ಸೊರಗಿದವು. 1980ರ ಸುಮಾರಿಗೆ ಹಳಿಗಳನ್ನೂ ಕಿತ್ತರು. ನೆಲದೊಳಗೆ ಕೊಲಂಬಿಯಾ ಗ್ಯಾಸ್ ಕಂಪನಿಯ ಕೊಳವೆ ಬಂದಿತು; ನೆಲದ ಮೇಲೆ ಜನರಿಗೆ ನಡೆಯಲು ದಾರಿಯಾಯಿತು.

ರೈಲು ಹೋಗಿದ್ದ ದಾರಿಗೆ ಒಂದು ವಿಶೇಷ ಗುಣವಿದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಜಾರುವುದರಿಂದ ರೈಲು ಕಡಿದಾದ ಏರನ್ನು ಹತ್ತಲಾರದು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯದ ಘಟ್ಟದಲ್ಲಿ ಕೂಡ ಏರು 50 ಅಡಿಗೆ ಒಂದೇ ಅಡಿ. ಅದಕ್ಕಾಗಿಯೇ ಗುಡ್ಡವನ್ನು ಕಡಿದು, ತಗ್ಗನ್ನು ತುಂಬಿ ದಾರಿಯನ್ನು ಸಮಮಾಡುತ್ತಾರೆ. ಅಂದು ಅದಿರಿನ ಭಾರಕ್ಕೆಂದು ಮಾಡಿದ ಈ ಏರ್ಪಾಡು ಇಂದು ವೃದ್ಧರ ಮಂಡಿಗಳಿಗೆ ವರವಾಗಿದೆ.

ಹೈ ಬ್ರಿಡ್ಜ್ ಬಿಟ್ಟು ಸ್ವಲ್ಪ ದೂರ ನಡೆಯುವಷ್ಟರಲ್ಲಿ ಮರಗಳ ಸಂದಿನಿಂದ ಲೇಕ್ ಸಾಲಿಟ್ಯೂಡ್, ಎಂದರೆ ಏಕಾಂತ ಸರೋವರ, ಕೆಳಗೆ ಹೊಳೆಯುತ್ತದೆ. ರಾರಿಟನ್ ನದಿಯ ದಕ್ಷಿಣ ಶಾಖೆಗೆ ಕಟ್ಟಿದ ಅಣೆಕಟ್ಟಿನಿಂದಾದ ಕೆರೆ ಇದು. ಇದೇ ನೀರು ಮುಂದೆ ಹರಿದು ನಮ್ಮ ಹಿಲ್ಸ್‌ಬರೋದ ಅಂಚನ್ನು ಮುಟ್ಟುತ್ತದೆ. ಇದೇ ಹೆಸರಿನ ಹಳೆಯ ಮನೆಯೊಂದು ಊರಿನಲ್ಲಿದೆ. ಸ್ವಾತಂತ್ರ್ಯ ಸಂಗ್ರಾಮದ ಕಾಲದಲ್ಲಿ, 1777ರಲ್ಲಿ, ಪೆನ್ಸಿಲ್ವೇನಿಯದ ಕೊನೆಯ ವಸಾಹತು ಗವರ್ನರ್ ಜಾನ್ ಪೆನ್ ಮತ್ತು ಮುಖ್ಯ ನ್ಯಾಯಾಧೀಶ ಬೆಂಜಮಿನ್ ಚ್ಯೂ ಅವರನ್ನು ಇಲ್ಲಿ ಗೃಹಬಂಧನದಲ್ಲಿ ಇರಿಸಿದ್ದರು. ಇದನ್ನು ಕೇಳಿದ ನಮ್ಮ ಅತ್ತೆಯವರು ನಕ್ಕು, "ನಮ್ಮ ಹಾಗೆ ಆರು ತಿಂಗಳ ವೀಸಾವೇನೋ!" ಎಂದರು.

ಅತ್ತೆಯವರು ಭದ್ರಾವತಿಯವರು. ಮಾವನವರು ಅಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು. ಹೈ ಬ್ರಿಡ್ಜ್‌ನಲ್ಲಿಯೂ 1742ರಿಂದ ಕಬ್ಬಿಣದ ಕುಲುಮೆಗಳಿದ್ದವು, ಅವಕ್ಕೆ ಬೇಕಾದ ಇದ್ದಿಲಿಗಾಗಿ ಕಾಡನ್ನು ಕಡಿಯುತ್ತಿದ್ದರು ಎಂದಾಗ, ಅವರು ನಡೆಯುತ್ತಿದ್ದವರು ನಿಂತುಬಿಟ್ಟರು. "ಹಾಗಾದರೆ ಇದೂ ನಮ್ಮ ಕೆಮ್ಮಣ್ಣುಗುಂಡಿಯ ಕಥೆಯೇ ಅನ್ನು!" ಅಲ್ಲಿಂದ ಮಾತು ನಿಲ್ಲಲಿಲ್ಲ. ಕೆಮ್ಮಣ್ಣುಗುಂಡಿಯಿಂದ ರೋಪ್‌ವೇಯಲ್ಲಿ ಅದಿರು ಇಳಿಯುತ್ತಿದ್ದುದು, 1923ರಲ್ಲಿ ಕಬ್ಬಿಣ ತೆಗೆಯಲು ಆರಂಭಿಸಿದ ಕಾರ್ಖಾನೆ ಮಲೆನಾಡಿನ ಸೌದೆಯ ಇದ್ದಿಲನ್ನು ಉರಿಸುತ್ತಿದ್ದುದು, ಪಾಳಿ ಮುಗಿಸಿ ಬಂದ ಮಾವನವರ ಅಂಗಿಯ ಕೆಂಪು ಧೂಳು ಎಷ್ಟು ಒಗೆದರೂ ಹೋಗದಿದ್ದುದು, ಎಲ್ಲವೂ ಹೊರಬಂದವು. ಪಕ್ಕದಲ್ಲಿ ನಡೆಯುತ್ತಿದ್ದ ನನ್ನ ಮಗನಿಗೆ ತನ್ನ ತಾತ ಏನು ಕೆಲಸ ಮಾಡುತ್ತಿದ್ದರೆಂದು ತಿಳಿದದ್ದು ಅಂದೇ. ಸೋಫಾದ ಮೇಲೆ ಎದುರುಬದುರು ಕುಳಿತಾಗ ಬಾರದ ಮಾತು ಜೊತೆಯಲ್ಲಿ ನಡೆಯುವಾಗ ತಾನಾಗಿ ಬರುತ್ತದೆ.

ಇನ್ನೂ ನಡೆಯಬಲ್ಲವರು ಕೆನ್ ಲಾಕ್‌ವುಡ್ ಕಣಿವೆಯವರೆಗೆ ಹೋಗಬಹುದು. ಅಲ್ಲಿ ಸುಮಾರು 80 ಅಡಿ ಎತ್ತರದಲ್ಲಿ ದಾರಿ ನದಿಯನ್ನು ದಾಟುತ್ತದೆ. 1885ರಲ್ಲಿ ಇಲ್ಲಿಯ ಹಿಂದಿನ ಸೇತುವೆ ಅದಿರಿನ ರೈಲಿನ ಭಾರಕ್ಕೆ ಕುಸಿದಿತ್ತು. ಈಗ ಕೆಳಗೆ ಬಂಡೆಗಳ ನಡುವೆ ಟ್ರೌಟ್ ಮೀನು ಹಿಡಿಯುವವರು ಮೌನವಾಗಿ ನಿಂತಿರುತ್ತಾರೆ. ಕ್ಯಾಲಿಫನ್‌ನ ಹಳೆಯ ಕಲ್ಲಿನ ರೈಲುನಿಲ್ದಾಣ ಇಂದು ಇತಿಹಾಸ ಸಂಘದ ವಸ್ತುಸಂಗ್ರಹಾಲಯ.

ಹೋಗುವವರಿಗೆ ಒಂದೆರಡು ಮಾತು. ಅಕ್ಟೋಬರ್ ನಡುವಿನಲ್ಲಿ ಓಕ್, ಮೇಪಲ್ ಎಲೆಗಳು ಬಣ್ಣ ತಿರುಗುವಾಗ ಹಾದಿ ಅತ್ಯಂತ ರಮ್ಯ. ಕುಳಿತು ದಣಿವಾರಿಸಿಕೊಳ್ಳಲು ಮಡಚುವ ಕುರ್ಚಿಯೊಂದು ಜೊತೆಗಿರಲಿ. ಸೈಕಲ್ಲಿನವರಿಗೆ ಎಡಗಡೆ ಬಿಟ್ಟು ಬಲಗಡೆ ನಡೆಯಿರಿ. ಹುಲ್ಲಿಗೆ ಇಳಿಯಬೇಡಿ, ಲೈಮ್ ಕಾಯಿಲೆ ತರುವ ಉಣುಗುಗಳಿರುತ್ತವೆ. ಮಂಗನ ಕಾಯಿಲೆಯನ್ನು ಕಂಡ ಶಿವಮೊಗ್ಗ ಜಿಲ್ಲೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಗೆ ಬಂದೊಡನೆ ಕಾಲು, ಕತ್ತುಗಳನ್ನು ನೋಡಿಕೊಂಡರಾಯಿತು.

ಸಮ್ಮೇಳನಕ್ಕೆ ಆಗಮಿಸಿರುವ ಬಂಧುಗಳೇ, ನಿಮ್ಮ ಊರಿನ ಸಮೀಪದಲ್ಲಿಯೂ ಇಂತಹ ಹಾದಿ ಇರುವ ಸಂಭವ ಹೆಚ್ಚು. ಹಳಿ ಕಿತ್ತ ಸಾವಿರಾರು ಮೈಲಿ ರೈಲುದಾರಿ ಈ ದೇಶದಲ್ಲಿ ಕಾಲುದಾರಿಯಾಗಿದೆ. ಮುಂದಿನ ಬೇಸಿಗೆಯಲ್ಲಿ ಊರಿನಿಂದ ಹಿರಿಯರು ಬಂದಾಗ ವಾರಕ್ಕೆ ಒಂದು ಬೆಳಗನ್ನು ಇದಕ್ಕಾಗಿ ತೆಗೆದಿಡಿ. ಜೊತೆಗೆ ಮಕ್ಕಳನ್ನೂ ಕರೆದೊಯ್ಯಿರಿ.