ರೇಖೆಯ ಅಕ್ಷರವು ಚುಕ್ಕೆಯ ಅಕ್ಷರವಾಗುವ ಬಗೆ

ಲೇಸರ್ ಮುದ್ರಕದಿಂದ ಹೊರಬಂದ ಹಾಳೆಯೊಂದನ್ನು ಭೂತಗನ್ನಡಿಯಿಂದ ಪರೀಕ್ಷಿಸೋಣ. ಬರಿಗಣ್ಣಿಗೆ ನುಣುಪಾಗಿ ತೋರಿದ ಅಕ್ಷರದ ಅಂಚು ಈಗ ಸಣ್ಣ ಸಣ್ಣ ಮೆಟ್ಟಿಲುಗಳಂತೆ ಕಾಣುವುದು. ಮುದ್ರಕವು ಬಲ್ಲುದು ಚುಕ್ಕೆಯನ್ನು ಮಾತ್ರ. ಅಕ್ಷರವನ್ನು ರೂಪಿಸಿದವನಾದರೋ ರೇಖೆಯನ್ನು ಎಳೆದಿರುವನು. ಒಂದು ಮತ್ತೊಂದಾಗುವುದು ಹೇಗೆ?

1984ರಲ್ಲಿ ಅಡೋಬಿ ಸಂಸ್ಥೆಯು ಪೋಸ್ಟ್‌ಸ್ಕ್ರಿಪ್ಟ್ ಭಾಷೆಯೊಡನೆ ತಂದ ‘ಟೈಪ್ 1’ ಅಕ್ಷರಗಳಲ್ಲಿ ಹೊರಗೆರೆಯು ಸರಳರೇಖೆಗಳಿಂದಲೂ ಬೆಜಿಯೆ ವಕ್ರರೇಖೆಗಳಿಂದಲೂ ಆದುದು. ಅಕ್ಷರದ ಚೌಕದ ಬದಿಯನ್ನು ಸಾಮಾನ್ಯವಾಗಿ 1000 ಮಾನಗಳಾಗಿ ಭಾಗಿಸಿರುವರು. ವಕ್ರರೇಖೆಯ ಎರಡು ತುದಿಗಳನ್ನೂ ಅದನ್ನು ಬಾಗಿಸುವ ಎರಡು ಬಿಂದುಗಳನ್ನೂ ಬರೆದಿಟ್ಟರೆ, ಬರಿಯ ಗುಣಾಕಾರದಿಂದ ಬೇಕಾದ ಗಾತ್ರ ದೊರೆಯುವುದು.

ಆದರೆ ಅಂದಿನ ಅನೇಕ ಮುದ್ರಕಗಳು ಹೊರಗೆರೆಯನ್ನು ಓದಲಾರದವಾಗಿದ್ದುವು. ಅಂಗುಲಕ್ಕೆ 300 ಚುಕ್ಕೆಗಳನ್ನಿಡುವ ಲೇಸರ್‌ಜೆಟ್ 1984ರಲ್ಲಿ ಬಂದರೂ, ಆ ಸರಣಿಗೆ ಹಿಗ್ಗಿಸಿ ಕುಗ್ಗಿಸಬಲ್ಲ ಅಕ್ಷರಗಳು ಕೂಡಿದ್ದು 1990ರ ಮೂರನೆಯ ಮಾದರಿಯಲ್ಲಿ. ಆದುದರಿಂದ ಚುಕ್ಕೆಗಳ ನಕ್ಷೆಯನ್ನು ಗಣಕವೇ ಮೊದಲು ಸಿದ್ಧಪಡಿಸಬೇಕಾಗುತ್ತಿದ್ದಿತು. ಡೊನಾಲ್ಡ್ ಕನೂತರ ‘ಟೆಕ್’ ಅಕ್ಷರಜೋಡಣೆಯನ್ನು ಬಳಸುವವರಿಗೆ ಈ ಕೆಲಸವನ್ನು ಮಾಡಿಕೊಡುವ ಸಾಧನ ‘ಪಿಎಸ್-ಟು-ಪಿಕೆ’. ಇದಕ್ಕೆ ಆಜ್ಞೆಯನ್ನು ಒಂದು ಸಾಲಾಗಿ ಬೆರಳಚ್ಚಿಸಬೇಕು: ಸಾಧನದ ಹೆಸರು, ಅಕ್ಷರದ ಗಾತ್ರ 10 ಪಾಯಿಂಟ್, ಸಾಂದ್ರತೆ 300, ಕೊನೆಯಲ್ಲಿ ಅಕ್ಷರಕಡತದ ಹೆಸರು.

ಗಣಕವು ಈಗ ಮಾಡುವ ಲೆಕ್ಕವನ್ನು ನಾವೂ ಮಾಡೋಣ. ಪಾಯಿಂಟ್ ಎಂದರೆ ಅಂಗುಲದ ಸುಮಾರು 72ರಲ್ಲೊಂದು ಪಾಲು. ಹತ್ತು ಪಾಯಿಂಟಿನ ಚೌಕದ ಬದಿಗೆ ಸುಮಾರು 42 ಚುಕ್ಕೆಗಳು ಸಲ್ಲುವುವು. ಇಂಗ್ಲಿಷಿನ ‘ಎಮ್’ ಅಕ್ಷರದ ಒಂದೊಂದು ಕಾಲೂ 85 ಮಾನ ದಪ್ಪವಿದ್ದರೆ, ಅದು ಸುಮಾರು ಮೂರೂವರೆ ಚುಕ್ಕೆಯಾಗುವುದು. ಅರ್ಧ ಚುಕ್ಕೆ ಎಂಬುದಿಲ್ಲ. ಕೇಂದ್ರವು ಗೆರೆಯ ಒಳಗೆ ಬಿದ್ದ ಚುಕ್ಕೆಯನ್ನು ಕಪ್ಪಾಗಿಸಿದರೆ, ಕಾಲು ನಿಂತ ಸ್ಥಳವನ್ನನುಸರಿಸಿ ಒಂದಕ್ಕೆ 3, ಇನ್ನೊಂದಕ್ಕೆ 4 ಚುಕ್ಕೆ ದೊರೆತು ಅಕ್ಷರವು ಕುಂಟುವುದು. ಅಂಗುಲಕ್ಕೆ 1200 ಚುಕ್ಕೆಗಳಿದ್ದರೆ ಈ ಭೇದವು 14 ಮತ್ತು 15ರದು. ಕಣ್ಣು ಅದನ್ನು ಗಮನಿಸದು.

ಈ ತೊಡಕಿಗಾಗಿಯೇ ಹೊರಗೆರೆಯೊಡನೆ ಕೆಲವು ಸೂಚನೆಗಳನ್ನೂ ಬರೆದಿಡುವರು. ಲಂಬರೇಖೆಗಳೆಲ್ಲಿವೆ, ಅವುಗಳ ದಪ್ಪವೆಷ್ಟು ಎಂಬುದನ್ನು ಇವು ತಿಳಿಸುವುವು. ಇವುಗಳ ನೆರವಿನಿಂದ ಸಾಧನವು ಕಾಲುಗಳನ್ನು ಸ್ವಲ್ಪ ಸರಿಸಿ ಸಮಗೊಳಿಸುವುದು; ಬಳಿಕ ಕಪ್ಪು-ಬಿಳಿಗಳ ಓಟಗಳನ್ನು ಎಣಿಸಿ, 1985ರಲ್ಲಿ ಟಾಮಸ್ ರೊಕಿಕ್ಕಿ ರೂಪಿಸಿದ ‘ಪಿಕೆ’ ಕ್ರಮದಲ್ಲಿ ಅಡಕವಾಗಿ ಬರೆಯುವುದು. ಹೀಗಾದ ಕಡತವು ಒಂದು ಗಾತ್ರಕ್ಕೂ ಒಂದು ಸಾಂದ್ರತೆಗೂ ಕಟ್ಟುಬಿದ್ದಿರುವುದು. ಅದರ ಚುಕ್ಕೆಗಳನ್ನು ಅಂಗುಲಕ್ಕೆ 600 ಇಡುವ ಮುದ್ರಕದಲ್ಲಿ ಹಾಗೆಯೇ ಇಟ್ಟರೆ ಅಕ್ಷರವು ಅರ್ಧಕ್ಕೆ ಕುಗ್ಗುವುದು.

ವಾಚಕರು ಈ ತೊಡಕನ್ನು ಚೌಕುಳಿ ಕಾಗದದ ಮೇಲೆ ತಾವೇ ಅನುಭವಿಸಬಹುದು. ಅಗಲ ಆರು ಚೌಕಗಳಿರುವಂತೆ ನಮ್ಮ ‘ಠ’ ಅಕ್ಷರದ ಬಳೆಯನ್ನು ತುಂಬಿರಿ. ಬಳೆಯ ದಪ್ಪ ಒಂದು ಚೌಕವಿರಲಿ. ಒಳಗೆ ನಾಲ್ಕು ಚೌಕಗಳುಳಿದುವು. ಒಂದು ಚೌಕದ ಚುಕ್ಕೆಯನ್ನು ನಟ್ಟನಡುವೆ ಇಡಲು ನಿಮಗೆ ಸಾಧ್ಯವಾಗದು. ಅಗಲವನ್ನು ಏಳು ಚೌಕ ಮಾಡಿರಿ: ಒಳಗೆ ಐದುಳಿದು, ಚುಕ್ಕೆಯು ಸರಿಯಾಗಿ ನಡುವೆ ಕುಳಿತುಕೊಳ್ಳುವುದು.