ಖಾಲಿ ಪೀಪಾಯಿಯ ಶೇಷ ಮೌಲ್ಯ

ಒಮ್ಮೆ ಬಳಸಿ ಬದಿಗಿರಿಸಿದ ಪಾತ್ರೆ, ಡಬ್ಬಿ, ಚೀಲಗಳಿಗೆ ಯಾವುದೇ ತಯಾರಿಕಾ ಘಟಕದ ಲೆಕ್ಕಪುಸ್ತಕದಲ್ಲಿ ದೊರೆಯುವುದು ಗುಜರಿ ಖಾತೆಯ ಸ್ಥಾನ. ವರ್ಷಾಂತ್ಯದಲ್ಲಿ ಬಂದ ಬೆಲೆಗೆ ಮಾರಿ, ಆ ಹಣವನ್ನು ‘ಇತರೆ ಆದಾಯ’ಕ್ಕೆ ಜಮಾ ಮಾಡಿದರೆ ವ್ಯವಹಾರ ಮುಗಿಯಿತು. ಅಮೆರಿಕದ ಕೆಂಟಕಿ ರಾಜ್ಯದ ಓಕ್ ಮರದ ಪೀಪಾಯಿಗಳು ಈ ರೂಢಿಗೆ ಹೊರತಾಗಿವೆ. ಒಂದು ಉದ್ಯಮ ಬಳಸಿ ಬಿಟ್ಟ ಈ ಪೀಪಾಯಿ ಬೇರೆ ಉದ್ಯಮಗಳಿಗೆ ಕಚ್ಚಾವಸ್ತುವಾಯಿತು. ಪೀಪಾಯಿ ಕೊಳ್ಳಲಾಗದ ಹವ್ಯಾಸಿಗಳು ಅದರ ಗುಣವನ್ನಷ್ಟೇ ಬೇರ್ಪಡಿಸಿಕೊಂಡು, ಮನೆಯಲ್ಲಿ 19 ಲೀಟರ್ ಪ್ರಮಾಣದಲ್ಲಿ ಬರ್ಬನ್, ಓಕ್ ಹಾಗೂ ಮೇಪಲ್ ಪರಿಮಳದ ಸ್ಟೌಟ್ ಎಂಬ ಕಪ್ಪು ಬಿಯರನ್ನು ತಯಾರಿಸುತ್ತಿದ್ದಾರೆ. ಈ ಪಾನೀಯದ ಹಿಂದಿರುವ ಲೆಕ್ಕಾಚಾರವು ಸಣ್ಣ ಉತ್ಪಾದಕರ ಪರಿಶೀಲನೆಗೆ ಯೋಗ್ಯವಾದುದು.

ನಿಯಮದಿಂದ ಹುಟ್ಟಿದ ಸರಕು

ಬರ್ಬನ್ ಎಂಬುದು ಅಮೆರಿಕದ ವಿಸ್ಕಿಯ ಒಂದು ಬಗೆ. ಅದರಲ್ಲಿ ಬಳಸುವ ಧಾನ್ಯದ ಕನಿಷ್ಠ ಶೇ. 51 ಭಾಗ ಮೆಕ್ಕೆಜೋಳವಾಗಿರಬೇಕು. ಅದನ್ನು ಒಳಮೈ ಸುಟ್ಟು ಕರಿಕಾಗಿಸಿದ ಹೊಸ ಓಕ್ ಪಾತ್ರೆಯಲ್ಲಿಯೇ ಇರಿಸಬೇಕು ಎಂಬುದು ಅಲ್ಲಿಯ ನಿಯಮ. ಹೊಸ ಓಕ್‌ನ ಕಡ್ಡಾಯ 1930ರ ದಶಕದಲ್ಲಿ ಜಾರಿಗೆ ಬಂದಿತು. 1964ರಲ್ಲಿ ಅಮೆರಿಕದ ಸಂಸತ್ತು ಬರ್ಬನ್ ಆ ದೇಶದ ವಿಶಿಷ್ಟ ಉತ್ಪನ್ನವೆಂದು ಠರಾವು ಮಾಡಿತು.

ಹೀಗಾಗಿ ಸುಮಾರು 200 ಲೀಟರ್ ಹಿಡಿಯುವ ಪೀಪಾಯಿಯೊಂದು ಬರ್ಬನ್ ತಯಾರಕನಿಗೆ ಒಮ್ಮೆ ಮಾತ್ರ ಉಪಯುಕ್ತ. ಹಲವು ವರ್ಷಗಳ ಬಳಿಕ ಅದು ಖಾಲಿಯಾದಾಗ ಹಲಗೆಗಳು ಗಟ್ಟಿಯಾಗಿಯೇ ಇರುತ್ತವೆ. ಹೀರಿಕೊಂಡ ಕೆಲವು ಲೀಟರ್ ಬರ್ಬನ್ ಕೂಡ ಮರದೊಳಗೆ ಉಳಿದಿರುತ್ತದೆ. ಮಾರುವವನ ಲೆಕ್ಕದಲ್ಲಿ ಬೆಲೆ ಕಳೆದುಕೊಂಡ ಈ ವಸ್ತುವನ್ನು ಸ್ಕಾಟ್ಲೆಂಡಿನ ವಿಸ್ಕಿ ತಯಾರಕರು ಬಹುಕಾಲದಿಂದ ದೊಡ್ಡ ಪ್ರಮಾಣದಲ್ಲಿ ಖರೀದಿಸುತ್ತ ಬಂದಿದ್ದಾರೆ. 2004ರಲ್ಲಿ ಗ್ಲಾಸ್ಗೋ ನಗರದಲ್ಲಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಮಾರುಕಟ್ಟೆಗೆ ಬಿಟ್ಟ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಸಂಸ್ಥೆಯೂ ಬರ್ಬನ್ ಪೀಪಾಯಿಗಳನ್ನು ಬಳಸುತ್ತ ಬಂದಿದೆ.

1990ರ ದಶಕದಲ್ಲಿ ಷಿಕಾಗೋದ ಗೂಸ್ ಐಲ್ಯಾಂಡ್ ಎಂಬ ಬಿಯರ್ ಸಂಸ್ಥೆ ಇಂತಹ ಪೀಪಾಯಿಗಳಲ್ಲಿ ಗಾಢ ಸ್ಟೌಟನ್ನು ತುಂಬಿ ಹದಗೊಳಿಸಿತು. ‘ಬರ್ಬನ್ ಕೌಂಟಿ ಸ್ಟೌಟ್’ ಎಂಬ ಆ ಬಿಯರು ಹೊಸದೊಂದು ವರ್ಗಕ್ಕೇ ನಾಂದಿಯಾಯಿತು. ಮಿಷಿಗನ್ ರಾಜ್ಯದ ಫೌಂಡರ್ಸ್ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಬರ್ಬನ್ ಇದ್ದ, ಅನಂತರ ಮೇಪಲ್ ಪಾಕ ತುಂಬಿಸಿಟ್ಟಿದ್ದ ಪೀಪಾಯಿಗಳಲ್ಲಿ ಹದಗೊಳಿಸಿದ ಅದರ ‘ಕೆನೇಡಿಯನ್ ಬ್ರೇಕ್‌ಫಾಸ್ಟ್ ಸ್ಟೌಟ್’ 2011ರಲ್ಲಿ ಬಾಟಲಿಗಳಲ್ಲಿ ಮಾರುಕಟ್ಟೆಗೆ ಬಂದಿತು. ಒಂದೇ ಪೀಪಾಯಿ ಹೀಗೆ ಮೂರು ವ್ಯವಹಾರಗಳಿಗೆ ದುಡಿಯಿತು.

ಮನೆಯ ತಯಾರಿಕೆಗೆ ಮಿತಿಯುಳ್ಳ ವಿನಾಯಿತಿ

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು. ಅದು ತೆರವಾದಾಗ ಮನೆಯಲ್ಲಿ ದ್ರಾಕ್ಷಾರಸದ ಮದ್ಯ ಮಾಡಲು ಅವಕಾಶ ದೊರೆಯಿತು, ಬಿಯರಿಗೆ ದೊರೆಯಲಿಲ್ಲ. 1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯಿದೆ ಈ ಕೊರತೆಯನ್ನು ತುಂಬಿತು. ಒಬ್ಬ ವಯಸ್ಕನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್, ಬಿಯರನ್ನು ಕೇಂದ್ರದ ಸುಂಕವಿಲ್ಲದೆ ತಯಾರಿಸಿಕೊಳ್ಳಬಹುದಾಯಿತು. ಮಾರಾಟಕ್ಕೆ ಅವಕಾಶವಿಲ್ಲ. ರಾಜ್ಯಗಳ ಒಪ್ಪಿಗೆ ಪ್ರತ್ಯೇಕವಾಗಿ ಬೇಕಿತ್ತು; ಅಲಬಾಮಾ ಮತ್ತು ಮಿಸಿಸಿಪಿ ರಾಜ್ಯಗಳು 2013ರಲ್ಲಿ ಕೊನೆಯದಾಗಿ ಸಮ್ಮತಿಸಿದವು.

ಈ ಸಣ್ಣ ವಿನಾಯಿತಿಯ ಆರ್ಥಿಕ ಪರಿಣಾಮ ಸಣ್ಣದಾಗಿರಲಿಲ್ಲ. 1970ರ ದಶಕದ ಕೊನೆಯಲ್ಲಿ ಆ ದೇಶದಲ್ಲಿದ್ದ ಬಿಯರ್ ತಯಾರಿಕಾ ಸಂಸ್ಥೆಗಳು ನೂರಕ್ಕಿಂತ ಕಡಿಮೆ. 2023ರಲ್ಲಿ ಬಿಯರ್ ತಯಾರಿಕಾ ಘಟಕಗಳು 9,000 ಮೀರಿದ್ದವು. ಇವುಗಳ ಸ್ಥಾಪಕರಲ್ಲಿ ಅನೇಕರು ಮೊದಲು ಮನೆಯಲ್ಲಿ ಪ್ರಯೋಗ ನಡೆಸಿದವರು. ಸಿಯೆರಾ ನೆವಾಡ ಸಂಸ್ಥೆಯ ಕೆನ್ ಗ್ರಾಸ್‌ಮನ್ 1976ರಲ್ಲಿ ಕ್ಯಾಲಿಫೋರ್ನಿಯಾದ ಚೀಕೋ ಪಟ್ಟಣದಲ್ಲಿ ಮನೆ ತಯಾರಿಕೆಯ ಸಾಮಗ್ರಿಗಳ ಅಂಗಡಿ ತೆರೆದು ಆ ಬಳಿಕ ಉದ್ಯಮಿಯಾದವರು. ಕೆಟ್ಟರೆ 19 ಲೀಟರ್ ಮಾತ್ರ ನಷ್ಟವಾಗುವ ಪ್ರಯೋಗ ಅವರಿಗೆ ಪಾಠಶಾಲೆಯಾಯಿತು.

ಪೀಪಾಯಿಯ ಬದಲಿಗೆ 60 ಗ್ರಾಂ ಮರ

ಹವ್ಯಾಸಿಯ ಒಂದು ಸಲದ ತಯಾರಿಕೆ ಸಾಮಾನ್ಯವಾಗಿ 5 ಗ್ಯಾಲನ್, ಅಂದರೆ 19 ಲೀಟರ್. 200 ಲೀಟರಿನ ಪೀಪಾಯಿಯನ್ನು ತುಂಬಲು ಆತ ಹತ್ತು ಸಲಕ್ಕೂ ಹೆಚ್ಚು ತಯಾರಿಸಬೇಕು. ಆದ್ದರಿಂದ ಆತ ಪೀಪಾಯಿಯನ್ನು ಕೊಳ್ಳದೆ ಅದರ ಕಾರ್ಯವನ್ನು ವಿಶ್ಲೇಷಿಸಿದ. ಪೀಪಾಯಿ ಕೊಡುವುದು ಎರಡನ್ನು: ಸುಟ್ಟ ಓಕ್‌ನಿಂದ ಇಳಿಯುವ ವೆನಿಲ್ಲಾ, ತೆಂಗು, ಹೊಗೆಯ ಛಾಯೆಗಳು, ಮರ ಹೀರಿಕೊಂಡಿದ್ದ ಬರ್ಬನ್. ಎರಡನ್ನೂ ಬಿಡಿಯಾಗಿ ಕೊಳ್ಳಬಹುದು.

ತಯಾರಿಕೆಯ ಕ್ರಮ ಹೀಗಿದೆ. ಸುಮಾರು 6.5 ಕಿಲೋ ಸಾಧಾರಣ ಬಾರ್ಲಿ ಮಾಲ್ಟ್, ತಲಾ ಅರ್ಧ ಕಿಲೋದಂತೆ ಹುರಿದ ಬಾರ್ಲಿ, ಚಾಕೊಲೇಟ್ ಮಾಲ್ಟ್, ಕ್ರಿಸ್ಟಲ್ ಮಾಲ್ಟ್ ಮತ್ತು ಓಟ್ಸ್ ತೆಗೆದುಕೊಂಡು 67 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ನೆನೆಸಲಾಗುತ್ತದೆ. ಸೋಸಿದ ಸಿಹಿ ಕಷಾಯವನ್ನು ಹಾಪ್ಸ್ ಹೂವಿನೊಂದಿಗೆ ಒಂದು ಗಂಟೆಗೂ ಹೆಚ್ಚು ಕುದಿಸಿ, 18–20 ಡಿಗ್ರಿಗೆ ತಣಿಸಿ ಯೀಸ್ಟ್ ಬೆರೆಸಲಾಗುತ್ತದೆ. ಸಾಂದ್ರತಾಮಾಪಕದಲ್ಲಿ ಆರಂಭದಲ್ಲಿ 1.090 ಇದ್ದ ಅಂಕಿ ಎರಡು ಮೂರು ವಾರಗಳಲ್ಲಿ 1.022ರ ಸುಮಾರಿಗೆ ಇಳಿದರೆ, ಮದ್ಯಸಾರ ಶೇ. 9ರ ಹತ್ತಿರ ಬಂದಿದೆ ಎಂದು ತಿಳಿಯಬೇಕು.

ಈ ನಡುವೆ 50ರಿಂದ 60 ಗ್ರಾಂ ಓಕ್ ತುಂಡುಗಳನ್ನು ಸುಮಾರು 350 ಮಿಲಿಲೀಟರ್ ಬರ್ಬನ್‌ನಲ್ಲಿ ಎರಡು ವಾರ ನೆನೆಸಿಡಲಾಗುತ್ತದೆ. ಹುದುಗು ಮುಗಿದ ಬಿಯರಿಗೆ ಮರವನ್ನೂ ಬರ್ಬನ್ನನ್ನೂ ಒಟ್ಟಿಗೆ ಸೇರಿಸಿ, ವಾರಕ್ಕೊಮ್ಮೆ ರುಚಿ ನೋಡಿ, ಮರದ ಒಗರು ಮುಂದಾಗುವ ಮೊದಲೇ ಬೇರ್ಪಡಿಸಬೇಕು. ಈ ಬರ್ಬನ್‌ನಿಂದ ಮದ್ಯಸಾರ ಸುಮಾರು ಶೇ. 0.6ರಷ್ಟು ಏರುತ್ತದೆ.

ಲೆಕ್ಕ ತಪ್ಪಿದರೆ ಒಡೆಯುವ ಬಾಟಲಿ

ಮೇಪಲ್ ಪಾಕವು ಈ ಪಾನೀಯದ ಅತ್ಯಂತ ದುಬಾರಿ ಹಾಗೂ ಅತ್ಯಂತ ಅಪಾಯಕರ ಅಂಶ. ಮೇಪಲ್ ಮರದ ಸುಮಾರು 40 ಲೀಟರ್ ರಸವನ್ನು ಬತ್ತಿಸಿದರೆ ದೊರೆಯುವುದು 1 ಲೀಟರ್ ಪಾಕ. ಅದರ ತೂಕದ ಮೂರನೆಯ ಎರಡು ಭಾಗ ಸಕ್ಕರೆ. ಅರ್ಧ ಲೀಟರ್ ಪಾಕದ ತೂಕ ಸುಮಾರು 660 ಗ್ರಾಂ. ಅದರಲ್ಲಿನ ಸಕ್ಕರೆ ಸುಮಾರು 440 ಗ್ರಾಂ. ಬಾಟಲಿಯಲ್ಲಿ ನೊರೆ ಬರಿಸಲು 19 ಲೀಟರಿಗೆ ಹಾಕುವ ಸಕ್ಕರೆ 110 ಗ್ರಾಂ ಆಸುಪಾಸು. ಪಾಕ ಹಾಕಿದ ಕೂಡಲೇ ಬಾಟಲಿ ತುಂಬಿ ಮುಚ್ಚಿದರೆ ನಾಲ್ಕು ಪಟ್ಟು ಸಕ್ಕರೆ ಒಳಗಿದ್ದಂತೆ. ಯೀಸ್ಟ್ ಅದನ್ನು ಅನಿಲವಾಗಿಸುತ್ತದೆ; ಗಾಜು ತಾಳದೆ ಸಿಡಿಯುತ್ತದೆ.

ಆದ್ದರಿಂದ ಪಾಕವನ್ನು ಹುದುಗಿನ ಕೊನೆಯ ಹಂತದಲ್ಲಿ ಹಾಕಿ, ಸಾಂದ್ರತೆಯ ಅಂಕಿ ಹಲವು ದಿನ ಬದಲಾಗದೆ ನಿಂತ ಬಳಿಕವೇ ಬಾಟಲಿ ತುಂಬಬೇಕು. ಆಗ ಬಾಟಲಿ ಸುರಕ್ಷಿತ. ಆದರೆ ಸಿಹಿ ಕರಗಿ, ಮೇಪಲ್‌ನ ಪರಿಮಳವೂ ಬಹುಮಟ್ಟಿಗೆ ತಗ್ಗಿರುತ್ತದೆ. ದುಬಾರಿ ಕಚ್ಚಾವಸ್ತುವಿನ ಬಹುಪಾಲು ಕೇವಲ ಮದ್ಯಸಾರವಾಗಿ ಪರಿವರ್ತನೆಗೊಳ್ಳುತ್ತದೆ. ಒಟ್ಟು ಮದ್ಯಸಾರ ಶೇ. 10ರಿಂದ 11ಕ್ಕೆ ತಲಪುತ್ತದೆ.

ಈ ನಷ್ಟಕ್ಕೆ ಕೆಲವು ಹವ್ಯಾಸಿಗಳು ಕಂಡುಕೊಂಡ ಪರಿಹಾರ ಮೆಂತ್ಯ. ಮೆಂತ್ಯದ ಕಾಳಿನಲ್ಲಿರುವ ಸೊಟೊಲಾನ್ ಎಂಬ ಸಂಯುಕ್ತಕ್ಕೆ ಮೇಪಲ್ ಪಾಕದ್ದೇ ವಾಸನೆ; ಕೃತಕ ಮೇಪಲ್ ಪರಿಮಳದ ತಯಾರಿಕೆಯಲ್ಲಿ ಮೆಂತ್ಯದ ಸಾರ ಬಳಕೆಯಲ್ಲಿದೆ. 2005ರಿಂದ ನ್ಯೂಯಾರ್ಕ್ ನಗರದಲ್ಲಿ ಆಗಾಗ ಹರಡುತ್ತಿದ್ದ ಮೇಪಲ್ ವಾಸನೆಯ ಮೂಲ, ನೆರೆಯ ನ್ಯೂಜೆರ್ಸಿಯಲ್ಲಿ ಮೆಂತ್ಯ ಸಂಸ್ಕರಿಸುತ್ತಿದ್ದ ಕಾರ್ಖಾನೆಯೆಂದು 2009ರಲ್ಲಿ ನಗರಾಡಳಿತ ಪ್ರಕಟಿಸಿತು. ಕೆಲವೇ ಗ್ರಾಂ ಮೆಂತ್ಯ ಸಾಕು, ಹೆಚ್ಚಾದರೆ ಕಹಿ. ಮೆಂತ್ಯ ಬೆಳೆಯುವ ದೇಶಗಳಲ್ಲಿ ಭಾರತವು ಪ್ರಮುಖವಾದುದು. ಕಿರಾಣಿ ಅಂಗಡಿಯ ಸರಕಿಗೆ ಪರಿಮಳ ಉದ್ಯಮ ಕೊಡುವ ಬೆಲೆ ಬೇರೆಯೇ ಎಂಬುದನ್ನು ಇಲ್ಲಿಯ ಸಾಂಬಾರ ಪದಾರ್ಥಗಳ ವರ್ತಕರು ಗಮನಿಸಬಹುದು.

ಗುಣವನ್ನು ಬೇರ್ಪಡಿಸುವ ಲೆಕ್ಕ

ಅಮೆರಿಕದ ವಿನಾಯಿತಿ ಕರ್ನಾಟಕಕ್ಕೆ ಅನ್ವಯಿಸದು. ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಸ್ಟೌಟ್ ತಯಾರಿಕೆಯ ಕ್ರಮವನ್ನು ಇಲ್ಲಿ ಅನುಸರಿಸಲಾಗದು. ಅದರ ಲೆಕ್ಕಾಚಾರವನ್ನು ಅನುಸರಿಸಬಹುದು.

ಬರ್ಬನ್ ತಯಾರಕನಿಗೆ ಪೀಪಾಯಿ ಒಂದು ಪಾತ್ರೆ. ಬಿಯರ್ ಸಂಸ್ಥೆಗೆ ಅದು ಪರಿಮಳದ ಕಚ್ಚಾವಸ್ತು. ಹವ್ಯಾಸಿಗೆ ಅದು 60 ಗ್ರಾಂ ಮರ ಮತ್ತು 350 ಮಿಲಿಲೀಟರ್ ಬರ್ಬನ್. ವಸ್ತು ಒಂದೇ, ಬೆಲೆ ಕಟ್ಟುವ ದೃಷ್ಟಿ ಮೂರು. ಗುಜರಿ ಖಾತೆಗೆ ಹೋಗುವ ಪ್ರತಿಯೊಂದು ವಸ್ತುವನ್ನೂ ತೂಕದ ಲೆಕ್ಕದಲ್ಲಿ ಮಾರುವ ಮುನ್ನ, ಅದರಲ್ಲಿ ಉಳಿದಿರುವ ಗುಣ ಯಾವುದು, ಆ ಗುಣ ಬೇಕಾಗಿರುವ ಉದ್ಯಮ ಯಾವುದು ಎಂದು ಒಮ್ಮೆ ವಿಚಾರಿಸುವುದು ಲಾಭದಾಯಕ. ಹಾಗೆಯೇ, ದೊಡ್ಡವರ ಯಂತ್ರವನ್ನು ಸಾಲ ಮಾಡಿ ಕೊಳ್ಳುವ ಮುನ್ನ ಆ ಯಂತ್ರದಿಂದ ತನಗೆ ಬೇಕಾದ ಕೆಲಸ ಎಷ್ಟು, ಆ ಕೆಲಸವಷ್ಟನ್ನೇ ಬಿಡಿಯಾಗಿ ಪಡೆಯಲು ಸಾಧ್ಯವೇ ಎಂಬುದನ್ನು ಸಣ್ಣ ಉತ್ಪಾದಕನು ಕಾಗದದ ಮೇಲೆ ಬರೆದು ನೋಡುವುದು ವಿವೇಕದ ಕ್ರಮ.